ಕಲಬುರಗಿ ಕಡೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋದು ಹೇಗೆ: ಪಾಠವೂ ಬೇಕು, ಕುಟುಂಬ ಥೆರಪಿಯೂ ಬೇಕು ಅನ್ನುವವರಿಗೆ

ಎಂ.ಎ. ಎರಡನೇ ವರ್ಷಕ್ಕೆ ಬಂದ ಸೈಕಾಲಜಿ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಇರುತ್ತದೆ. "ಮೇಡಂ, ಲೆಕ್ಚರರ್ ಆಗೋದು ಛಲೋನೋ, ಥೆರಪಿ ಕಡೆ ಹೋಗೋದು ಛಲೋನೋ?" ಎರಡೂ ಮಾಡಿ ಅಂತ ನಾನು ಹೇಳುತ್ತೇನೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಈ ಕೆಲಸ ಬಲ್ಲವರು ಕಡಿಮೆ. ಇರುವ ಕೆಲವರು ಕ್ಲಿನಿಕ್‌ನಲ್ಲೇ ಉಳಿದುಬಿಟ್ಟರೆ ಮುಂದಿನವರಿಗೆ ಕಲಿಸೋರು ಯಾರು? ಕಾಲೇಜು ಸೇರಿದವರು ಪೇಶಂಟ್ ನೋಡೋದನ್ನೇ ಬಿಟ್ಟರೆ, ಹತ್ತು ವರ್ಷದ ಹಿಂದೆ ಓದಿದ್ದನ್ನೇ ಹೇಳುತ್ತಾ ಹೋಗಬೇಕಾಗುತ್ತದೆ. ಅದರಲ್ಲೂ ಕುಟುಂಬ ಥೆರಪಿ ಓದಿ ಬರುವ ವಿದ್ಯೆ ಅಲ್ಲ. ಬಲ್ಲವರ ಪಕ್ಕ ಕೂತು, ಅವರು ಒಂದು ಮನೆಯ ಐದಾರು ಜನರನ್ನು ಹೇಗೆ ಮಾತಾಡಿಸುತ್ತಾರೆ ಅಂತ ನೋಡುತ್ತಾ ನೋಡುತ್ತಾ ಕೈಗೆ ಹತ್ತಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ.

ಮೊದಲು ರಿಜಿಸ್ಟ್ರೇಷನ್

ಎಂ.ಎ. ಸೈಕಾಲಜಿ ಮುಗಿದ ಕೂಡಲೇ 'ಕ್ಲಿನಿಕಲ್ ಸೈಕಾಲಜಿಸ್ಟ್' ಅಂತ ಬೋರ್ಡ್ ಹಾಕಬೇಡಿ. ಆ ಹೆಸರು ಹಾಕಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಒಪ್ಪಿದ ಕೋರ್ಸ್ ಮುಗಿಸಿರಬೇಕು, ಅವರ ಕೇಂದ್ರ ರಿಜಿಸ್ಟರ್‌ನಲ್ಲಿ ಹೆಸರು ಸೇರಿರಬೇಕು. ಇದು 1992ರ ಕಾಯ್ದೆ. ರಿಜಿಸ್ಟ್ರೇಷನ್ ಇಲ್ಲದೆ ಪ್ರ್ಯಾಕ್ಟೀಸ್ ಮಾಡಿದರೆ ಶಿಕ್ಷೆಯೂ ಇದೆ. ಬರೀ ಕಾನೂನಿನ ಭಯಕ್ಕಾಗಿ ಈ ಮಾತು ಹೇಳುತ್ತಿಲ್ಲ. ಬುದ್ಧಿಮಾಂದ್ಯ ಮಗುವಿಗೆ ಅಂಗವಿಕಲರ ಪ್ರಮಾಣಪತ್ರ ಬೇಕು ಅಂತ ತಾಯಿ ಚಿಂಚೋಳಿಯಿಂದ ಬಂದಿರುತ್ತಾಳೆ ಅಂದುಕೊಳ್ಳಿ. ಆ ದಿನದ ಕೂಲಿ ಬಿಟ್ಟು, ಮಗುವನ್ನು ಎತ್ತಿಕೊಂಡು ಬಂದವಳು. ನೀವು ಕೊಟ್ಟ ಐಕ್ಯೂ ರಿಪೋರ್ಟಿಗೆ ಬೆಲೆ ಇಲ್ಲ ಅಂದರೆ ಅವಳ ಗತಿ ಏನು?

ಎರಡು ವರ್ಷ ಪೂರ್ತಿ ಆಸ್ಪತ್ರೆಯಲ್ಲಿದ್ದು ಮಾಡುವ ಎಂ.ಫಿಲ್. ಇಷ್ಟು ವರ್ಷ ಇದ್ದ ಮುಖ್ಯ ದಾರಿ. ಈಗ ಆ ದಾರಿ ಬದಲಾಗುತ್ತಿದೆ. 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ 2025–26ರವರೆಗೆ ವಿನಾಯ್ತಿ ಸಿಕ್ಕಿತು. ಅದರ ಜಾಗಕ್ಕೆ ಆರ್‌ಸಿಐ ಎಂ.ಎ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಅನ್ನುವ ಹೊಸ ಕೋರ್ಸುಗಳನ್ನು ತಂದಿದೆ. ಆದ್ದರಿಂದ ಸೀನಿಯರ್‌ಗಳು ಹೇಳಿದ ಮಾತಿನ ಮೇಲೆ ಫೀಸ್ ಕಟ್ಟಬೇಡಿ. ಆರ್‌ಸಿಐ ವೆಬ್‌ಸೈಟಿನಲ್ಲಿ ಒಪ್ಪಿಗೆ ಪಡೆದ ಸಂಸ್ಥೆಗಳ ಪಟ್ಟಿ ಇರುತ್ತದೆ. ನಿಮ್ಮ ಕಾಲೇಜು, ನಿಮ್ಮ ಕೋರ್ಸು, ನೀವು ಸೇರುವ ವರ್ಷ, ಮೂರೂ ಅಲ್ಲಿ ಇದೆಯಾ ನೋಡಿ. ಕೋರ್ಸಿನ ಹೆಸರಲ್ಲಿ 'ಕ್ಲಿನಿಕಲ್' ಅಂತ ಇದ್ದ ಮಾತ್ರಕ್ಕೆ ಆರ್‌ಸಿಐ ಒಪ್ಪಿದೆ ಅಂತ ಅಲ್ಲ. ಇಲ್ಲೇ ಜಾಸ್ತಿ ಜನ ದುಡ್ಡು, ವರ್ಷ ಎರಡನ್ನೂ ಕಳೆದುಕೊಳ್ಳುತ್ತಾರೆ.

ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿಗೆ ದೂರ ಹೋಗಬೇಕಾಗಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಕ್ಯಾಂಪಸ್ಸಿನಲ್ಲಿ ವಿಭಾಗ ಇದೆ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಇದೆ. ಮುಂದಿನ ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಆದರೆ ನಮ್ಮ ಕಡೆಯವರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅನ್ನು ಮರೆಯಬಾರದು. ಅಲ್ಲಿಗೆ ಬರುವ ಪೇಶಂಟ್‌ಗಳ ಮಾತು, ಮನೆತನ, ಕಷ್ಟ ನಮಗೆ ಹತ್ತಿರದವು. ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕದ ಒಳಗಿನ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟು ಮೀಸಲು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಅರ್ಜಿ ಹಾಕೋ ವಾರದಲ್ಲಿ ಕಚೇರಿಗೆ ಓಡಾಡಿದರೆ ಆಗುವ ಕೆಲಸ ಅಲ್ಲ ಅದು.

ಇನ್ನೊಂದು ಮಾತು. ಎಂ.ಎ. ಓದುವಾಗಲೇ ರಜೆಯಲ್ಲಿ ವಿಭಾಗದ ಮುಖ್ಯಸ್ಥರಿಂದ ಪತ್ರ ತಗೊಂಡು ಸರ್ಕಾರಿ ಮೆಡಿಕಲ್ ಕಾಲೇಜಿನ ಮನೋರೋಗ ವಿಭಾಗಕ್ಕೆ ಹೋಗಿ. ಕಲಬುರಗಿಯಲ್ಲಿ ಜಿಮ್ಸ್ ಇದೆ, ಬೀದರ್‌ನಲ್ಲಿ ಬ್ರಿಮ್ಸ್ ಇದೆ. ಓಪಿಡಿಯ ಮೂಲೆಯಲ್ಲಿ ಸುಮ್ನೆ ಕೂತು ನೋಡಿದರೂ ಸಾಕು. ಈ ಕೆಲಸ ನಿಮಗೆ ಆಗುತ್ತಾ ಇಲ್ಲವಾ ಅಂತ ಅಲ್ಲೇ ಗೊತ್ತಾಗುತ್ತದೆ.

ಕಾಲೇಜಿನ ಕಡೆ

ಇದು ಸರಳ, ಬೇಗ ಹೇಳಿ ಮುಗಿಸುತ್ತೇನೆ. ಎಂ.ಎ.ಯಲ್ಲಿ ಶೇ. 55 ಬೇಕು. ಮೀಸಲಾತಿ ಇದ್ದವರಿಗೆ ಶೇ. 50. ಅದರ ಮೇಲೆ ಯುಜಿಸಿ ನೆಟ್ ಇಲ್ಲವೇ ನಮ್ಮ ರಾಜ್ಯದ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಬೇಕು. ಎರಡು ಪೇಪರ್ ಸೇರಿ 150 ಪ್ರಶ್ನೆ, 300 ಅಂಕ, ಮೂರು ತಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಎಂ.ಎ. ಕೊನೆಯ ವರ್ಷದಲ್ಲೇ ಬರೆಯಿರಿ. ಕ್ಲಿನಿಕಲ್ ತರಬೇತಿ ಶುರುವಾದ ಮೇಲೆ ಓದೋಕೆ ಸಮಯ ಸಿಗೋದಿಲ್ಲ.

ಡಿಗ್ರಿ ಕಾಲೇಜು ಒಂದೇ ಜಾಗ ಅಂದುಕೊಳ್ಳಬೇಡಿ. ನರ್ಸಿಂಗ್ ಕಾಲೇಜಿನಲ್ಲಿ ಸೈಕಾಲಜಿ ಪಾಠ ಇದೆ, ಬಿ.ಎಡ್.ನಲ್ಲಿ ಇದೆ. ಮೆಡಿಕಲ್ ಕಾಲೇಜಿನ ಮನೋರೋಗ ವಿಭಾಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಸಿಕ್ಕರೆ ಪೇಶಂಟ್, ಪಾಠ ಎರಡೂ ಒಂದೇ ಕಟ್ಟಡದಲ್ಲಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಒಳ್ಳೆಯ ಜಾಗ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲೂ ಕ್ಲಿನಿಕಲ್ ಸೈಕಾಲಜಿಸ್ಟ್ ಇರುತ್ತಾರೆ. ಇಡೀ ದೇಶದಲ್ಲಿ 1996ರಿಂದ ನಡೆಯುತ್ತಿರುವ ಈ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲೇ ಅದನ್ನು ಮಾಡಿ ತೋರಿಸಿದರು. ಗುತ್ತಿಗೆ ಹುದ್ದೆ, ಸಂಬಳ ಕಡಿಮೆ ಅಂತ ಬಿಡಬೇಡಿ. ಮೊದಲ ಎರಡು ವರ್ಷ ತಾಲೂಕು ಆಸ್ಪತ್ರೆಗಳನ್ನು ಸುತ್ತಿದವರಿಗೆ ಆಮೇಲೆ ಕ್ಲಾಸಿನಲ್ಲಿ ಉದಾಹರಣೆ ಹುಡುಕಬೇಕಾದ ಕಷ್ಟ ಬರೋದಿಲ್ಲ.

ಮನೆಮಂದಿಯ ಜೊತೆ ಕೂರೋದು

ಈಗ ಮುಖ್ಯ ವಿಷಯಕ್ಕೆ ಬರೋಣ.

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂತ ಒಬ್ಬರಿದ್ದರು. ಆಸ್ಪತ್ರೆ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಅವರ ಮನೆಯವರನ್ನೂ ಉಳಿಸಿಕೊಂಡರು. ಮನೆಯವರು ಜೊತೆಗಿದ್ದಾಗ ರೋಗಿಗಳು ಬೇಗ ಚೇತರಿಸಿಕೊಂಡರು, ಮನೆಯವರ ಭಯವೂ ಕಡಿಮೆಯಾಯಿತು. ಭಾರತದಲ್ಲಿ ಕುಟುಂಬದ ಜೊತೆ ಕೆಲಸ ಮಾಡೋದರ ಮಾತು ಬಂದರೆ ಮೊದಲು ಅವರ ಹೆಸರೇ ಬರುತ್ತದೆ. ನಮ್ಮ ಕಡೆ ಡೇರೆ ಹಾಕೋ ಅಗತ್ಯವೂ ಇಲ್ಲ. ಒಬ್ಬ ಪೇಶಂಟ್ ಜೊತೆ ಅವ್ವ, ಆಯಿ, ಕಾಕಾ, ಸೋದರಮಾವ ಎಲ್ಲರೂ ತಾವಾಗಿಯೇ ಬಂದಿರುತ್ತಾರೆ. ಅವರನ್ನು "ಹೊರಗ ಕೂಡ್ರಿ" ಅಂತ ಕಳಿಸಿ ಒಬ್ಬರನ್ನೇ ಒಳಗೆ ಕರೆಯೋದನ್ನು ನಾವು ಓದಿನಲ್ಲಿ ಕಲಿತಿರುತ್ತೇವೆ. ಮೊದಲ ಭೇಟಿಯಲ್ಲಿ ಎಲ್ಲರನ್ನೂ ಒಳಗೆ ಕರೆಯಿರಿ.

ಕುರ್ಚಿ ಸಾಲದಿದ್ದರೆ ಜಮಖಾನ ಹಾಸಿ. ಇಂಥಲ್ಲಿ ಕೂಡ್ರಿ ಅಂತ ಹೇಳಬೇಡಿ. ಯಾರು ಯಾರ ಪಕ್ಕ ಕೂತರು, ಯಾರು ಬಾಗಿಲ ಹತ್ತಿರವೇ ನಿಂತರು, ನೀವು ಹುಡುಗಿಗೆ ಪ್ರಶ್ನೆ ಕೇಳಿದರೆ ಉತ್ತರ ಯಾರಿಂದ ಬಂತು, ಇವೆಲ್ಲ ನೋಡಿ. ಅರ್ಧ ಕೇಸ್ ಹಿಸ್ಟರಿ ಅಲ್ಲೇ ಇರುತ್ತದೆ. ಮೊದಲ ಮಾತು ಹಿರಿಯರ ಜೊತೆ ಆಡಿ. "ಮುತ್ಯಾ, ಅಷ್ಟು ದೂರದಿಂದ ಬಂದೀರಿ, ಊಟ ಆಗ್ಯದೇನ್ರಿ?" ಸೆರಗು ಹೊದ್ದು ನಿಂತ ಸೊಸೆಯನ್ನು ನೇರವಾಗಿ ಕೇಳಿದರೆ ಅವಳು ಮಾತಾಡೋದಿಲ್ಲ. "ಮುತ್ಯಾ, ಇವರಿಗೂ ಒಂದ್ ಮಾತ್ ಕೇಳ್ಲೇನ್ರಿ?" ಅಂತ ಅವರ ಒಪ್ಪಿಗೆ ಪಡೆದು ಕೇಳಿ ನೋಡಿ. ಮುತ್ಯಾ "ಹೇಳವ್ವಾ" ಅಂದ ಮೇಲೆ ಅವಳ ದನಿ ಬೇರೆ ಇರುತ್ತದೆ. ಮನೆಯ ಒಳಗಿನ ಕ್ರಮಕ್ಕೆ ಮೊದಲು ಮರ್ಯಾದೆ ಕೊಟ್ಟು ಸೇರಿಕೊಳ್ಳಬೇಕು, ಬದಲಾವಣೆಯ ಮಾತು ಆಮೇಲೆ ಅಂತ ಕುಟುಂಬ ಥೆರಪಿಸ್ಟ್ ಸಾಲ್ವಡೋರ್ ಮಿನುಚಿನ್ ಅಮೆರಿಕದಲ್ಲಿ ಹೇಳಿದ್ದು ಇದನ್ನೇ. ಎಲ್ಲರ ಮುಂದೆ ಮಾತಾಡಿದ ಮೇಲೆ, ಪ್ರತಿಯೊಬ್ಬರನ್ನೂ ಸ್ವಲ್ಪ ಹೊತ್ತು ಒಬ್ಬೊಬ್ಬರನ್ನಾಗಿ ನೋಡೋದನ್ನು ಮಾತ್ರ ಎಂದೂ ಬಿಡಬೇಡಿ. ಸೊಸೆಯಂದಿರು, ಹದಿಹರೆಯದ ಹುಡುಗಿಯರು ನಿಜವಾದ ಮಾತು ಹೇಳೋದು ಆಗಲೇ.

ಆಮೇಲೆ ವಂಶದ ನಕ್ಷೆ, ಅಂದರೆ ಜೀನೋಗ್ರಾಮ್ ಬರೆಯಿರಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಮೂರು ತಲೆಮಾರು. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಜೋಡಿ ಗೆರೆ. ನಮ್ಮ ಕಡೆ ಸೋದರಮಾವನಿಗೆ ಕೊಟ್ಟ ಮನೆಗಳಲ್ಲಿ ಅತ್ತೆ ಅಂದರೆ ಹುಡುಗಿಯ ತಾಯಿಯ ತಾಯಿಯೇ ಆಗಿರುತ್ತಾಳೆ. ಅತ್ತೆ ಸೊಸೆ ಜಗಳ ಅಂತ ಬರೆದುಕೊಂಡು ಹೋದರೆ ತಪ್ಪುತ್ತೀರಿ, ಅಲ್ಲಿ ಆಯಿ ಮೊಮ್ಮಗಳ ಪ್ರೀತಿಯೂ ಇರುತ್ತದೆ. ಯಾರು ಗುಳೆ ಹೋಗಿದ್ದಾರೆ, ಬೆಂಗಳೂರೋ ಮುಂಬೈಯೋ, ಯಾವ ತಿಂಗಳು ವಾಪಸ್ ಬರುತ್ತಾರೆ ಅನ್ನೋದನ್ನೂ ನಕ್ಷೆಯಲ್ಲೇ ಬರೆಯಿರಿ. ಹೊಲ ಯಾರ ಹೆಸರಲ್ಲಿದೆ, ಸಾಲ ಯಾರ ತಲೆ ಮೇಲಿದೆ ಅನ್ನೋದೂ ಬೇಕು. ಪರದೇಶದ ಪುಸ್ತಕದಲ್ಲಿ ಇವಕ್ಕೆ ಗುರುತು ಇಲ್ಲದಿದ್ದರೆ ನೀವೇ ಒಂದು ಗುರುತು ಮಾಡಿಕೊಳ್ಳಿ.

ಒಂದು ಕಲ್ಪಿತ ಮನೆ ಇಟ್ಟುಕೊಂಡು ಹೇಳುತ್ತೇನೆ. ಜೇವರ್ಗಿ ತಾಲೂಕಿನ ಹುಡುಗ, ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಪಿಯು ಸೈನ್ಸ್ ಓದುತ್ತಿದ್ದಾನೆ. ತಲೆನೋವು ಅಂತ ಕಾಲೇಜು ಬಿಟ್ಟು ಮನೆ ಸೇರಿದ್ದಾನೆ. ಕಣ್ಣಿನ ಡಾಕ್ಟರು, ನರದ ಡಾಕ್ಟರು ಎಲ್ಲ ನೋಡಿ ಏನೂ ಇಲ್ಲ ಅಂದಿದ್ದಾರೆ (ಈ ತಪಾಸಣೆ ಆಗದೆ ಮುಂದೆ ಹೋಗಲೇಬಾರದು). ಅಪ್ಪ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದಾನೆ. ಫೀಸ್ ಕಟ್ಟೋದು ಸೋದರಮಾವ. "ಓದೋ ಮನಸ್ಸಿಲ್ಲ ಇವನಿಗೆ" ಅಂತ ಮಾಮಾ ಸಿಟ್ಟಾಗಿದ್ದಾನೆ, ಅವ್ವ ಅಳುತ್ತಿದ್ದಾಳೆ.

ಇಲ್ಲಿ "ತಲೆನೋವು ಯಾಕೆ ಬರ್ತದ?" ಅಂತ ಹುಡುಗನನ್ನೇ ಮತ್ತೆ ಮತ್ತೆ ಕೇಳಿದರೆ ಎಲ್ಲೂ ಮುಟ್ಟೋದಿಲ್ಲ. ಒಬ್ಬರ ಬಗ್ಗೆ ಇನ್ನೊಬ್ಬರನ್ನು ಕೇಳಿ. "ಇವನಿಗೆ ತಲಿ ನೋಯ್ತದ ಅಂತ ಮೊದಲು ಯಾರಿಗೆ ಗೊತ್ತಾಗ್ತದ್ರಿ?" "ಅವ್ವ ಗಾಬರಿಯಾದಾಗ ಆಯಿ ಏನ್ ಮಾಡ್ತಾರ?" "ಆಗ ಮಾಮಾ ಯಾರಿಗೆ ಫೋನ್ ಹಚ್ತಾರ?" ಇಟಲಿಯ ಮಿಲಾನ್‌ನ ಕುಟುಂಬ ಥೆರಪಿ ತಂಡದವರು ಬಳಕೆಗೆ ತಂದ ಸರ್ಕ್ಯುಲರ್ ಪ್ರಶ್ನೆ ಅಂದರೆ ಇದೇ. ಹೀಗೆ ಕೇಳುತ್ತಾ ಹೋದರೆ ನಮ್ಮ ಈ ಮನೆಯಲ್ಲಿ ಒಂದು ವಿಷಯ ಮೇಲೆ ಬರುತ್ತದೆ. ಹಬ್ಬಕ್ಕೂ ಬಾರದ ಅಪ್ಪ, ಮಗನ ತಲೆನೋವು ಜೋರಾದಾಗ ಮಾತ್ರ ರೈಲು ಹತ್ತಿ ಬರುತ್ತಾನೆ. ಹುಡುಗ ನಾಟಕ ಮಾಡುತ್ತಿದ್ದಾನೆ ಅಂತ ಇದರ ಅರ್ಥ ಅಲ್ಲ, ಅವನ ನೋವು ನಿಜವೇ. ಆದರೆ ಆ ನೋವು ಈ ಮನೆಯಲ್ಲಿ ಒಂದು ಕೆಲಸ ಮಾಡುತ್ತಿದೆ. ಅದನ್ನು ಕಂಡಮೇಲೆ ದಾರಿ ಕಾಣುತ್ತದೆ. ಅಪ್ಪ ದಿನಾ ರಾತ್ರಿ ಫೋನ್ ಮಾಡಬೇಕು, ಮಾರ್ಕ್ಸ್ ಸುದ್ದಿ ಎತ್ತಬಾರದು. ಫೀಸಿನ ಮಾತು ಮಾಮಾ ನೇರ ಅಪ್ಪನ ಜೊತೆ ಆಡಬೇಕು, ಹುಡುಗನ ಮುಂದೆ ಅಲ್ಲ. ಅವ್ವ ತಲೆನೋವು ಇಲ್ಲದ ಹೊತ್ತಲ್ಲೂ ಅವನ ಪಕ್ಕ ಕೂರಬೇಕು. ಇಷ್ಟೇ. ಇದನ್ನು ಮುತ್ಯಾನ ಬಾಯಿಂದ ಹೇಳಿಸಿದರೆ ಮನೆಯಲ್ಲಿ ನಡೆಯುತ್ತದೆ, ನಾವು ಹೇಳಿದರೆ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮರೆತಿರುತ್ತಾರೆ.

ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇದ್ದ ಮನೆಯ ಕೆಲಸ ಬೇರೆ. ಅಲ್ಲಿ ಮನೆಯವರಿಂದ ಕಾಯಿಲೆ ಬಂತು ಅನ್ನೋ ಅರ್ಥದ ಒಂದು ಮಾತೂ ನಿಮ್ಮ ಬಾಯಿಂದ ಬರಬಾರದು. ಮಾತ್ರೆ ಬೇಕೇ ಬೇಕು. ಆದರೆ ಮನೆಯಲ್ಲಿ ಬೈಗುಳ, ಹಂಗಿಸೋದು, ಅತಿಯಾದ ಕಾಳಜಿ ಜಾಸ್ತಿ ಇದ್ದರೆ ಕಾಯಿಲೆ ಮರುಕಳಿಸೋದೂ ಜಾಸ್ತಿ ಅಂತ ಲಂಡನ್‌ನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ದಶಕಗಳ ಹಿಂದೆಯೇ ತೋರಿಸಿದ್ದಾರೆ. ಮನೆಯವರಿಗೆ ಕಾಯಿಲೆಯ ಬಗ್ಗೆ ತಿಳಿಸಿ, ಮಾತಾಡೋ ರೀತಿ ಕಲಿಸಿದರೆ ಅದು ಕಡಿಮೆಯಾಗುತ್ತದೆ. ಕೆಲಸಕ್ಕೆ ಬಾರದವನು ಅಂತ ದಿನಾ ಕೇಳೋ ಮಗನಿಗೆ, ಎಮ್ಮೆಗೆ ನೀರು ಕುಡಿಸೋ ಕೆಲಸ ಕೊಟ್ಟು "ಛಲೋ ಮಾಡ್ದಿ" ಅನ್ನೋದೂ ಥೆರಪಿಯೇ.

ಗಾಣಗಾಪುರಕ್ಕೆ ಹೋಗಿ ಬಂದವರು, ದರ್ಗಾದಲ್ಲಿ ತಾಯಿತ ಕಟ್ಟಿಸಿಕೊಂಡು ಬಂದವರು ನಿಮ್ಮ ಹತ್ತಿರ ಬಂದೇ ಬರುತ್ತಾರೆ. ಮುಖ ಸಿಂಡರಿಸಬೇಡಿ. ಅಲ್ಲಿ ಏನು ಹೇಳಿದರು, ಅದರಿಂದ ಯಾರಿಗೆ ಸಮಾಧಾನ ಆಯಿತು ಅಂತ ಕೇಳಿ. "ದೇವರಿಗೂ ಹೋಗ್ರಿ, ಗುಳಿಗಿ ಮಾತ್ರ ಬಿಡಬ್ಯಾಡ್ರಿ" ಅಂತ ಹೇಳಿದರೆ ಅವರು ಮತ್ತೆ ಬರುತ್ತಾರೆ. ಕಟ್ಟಿಹಾಕೋದು, ಹೊಡೆಯೋದು ಎಲ್ಲೇ ನಡೆದಿದ್ದರೂ ಅದಕ್ಕೆ ಮಾತ್ರ ಖಡಕ್ಕಾಗಿ ಬೇಡ ಅನ್ನಬೇಕು.

ಎಲ್ಲರನ್ನೂ ಒಟ್ಟಿಗೆ ಕೂರಿಸಲೇಬಾರದ ಸಂದರ್ಭಗಳೂ ಇವೆ. ಗಂಡ ಹೊಡೆಯುತ್ತಾನೆ ಅಂತ ಹೆಂಗಸು ಒಂಟಿಯಾಗಿ ಹೇಳಿದರೆ, ಅದನ್ನು ಜಂಟಿ ಸೆಷನ್‌ನಲ್ಲಿ ಎತ್ತಬೇಡಿ. ಅಲ್ಲಿ ಆಡಿದ ಮಾತಿಗೆ ರಾತ್ರಿ ಮನೆಯಲ್ಲಿ ಪೆಟ್ಟು ಬೀಳೋದು ಅವಳಿಗೆ. ಮೊದಲು ಅವಳ ಸುರಕ್ಷತೆ ನೋಡಿ. 181 ಮಹಿಳಾ ಸಹಾಯವಾಣಿ ಇದೆ, ಜಿಲ್ಲೆಯ ಸಖಿ ಕೇಂದ್ರ ಇದೆ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾ ಅಧಿಕಾರಿ ಇದ್ದಾರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು, ಮನೆಯವರು ಎಷ್ಟೇ ಕೈ ಮುಗಿದರೂ. ಈ ಮಾತನ್ನು ಮೊದಲ ಭೇಟಿಯಲ್ಲೇ ಅವರಿಗೆ ಹೇಳಿಟ್ಟಿರಿ. ಸಾಯೋ ಮಾತಾಡಿದವರನ್ನು ಒಬ್ಬರನ್ನೇ ಮನೆಗೆ ಕಳಿಸಬೇಡಿ, ಅವತ್ತೇ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇದನ್ನೆಲ್ಲ ಕ್ಲಾಸಿಗೆ ತರೋದು

ಆರು ವಿದ್ಯಾರ್ಥಿಗಳನ್ನು ಒಂದು ಮನೆ ಮಾಡಿ. ಒಬ್ಬ ಮುತ್ಯಾ, ಒಬ್ಬಳು ಸೊಸೆ, ಒಬ್ಬ ಕುಡಿಯೋ ಕಾಕಾ. ಏಳನೆಯವರು ಥೆರಪಿಸ್ಟ್. ಅರ್ಧ ತಾಸು ನಡೆಯಲಿ. ಆಮೇಲೆ ಥೆರಪಿಸ್ಟ್ ಆದವರನ್ನು ಕೇಳೋ ಮೊದಲು ಸೊಸೆಯಾದವರನ್ನು ಕೇಳಿ: ಇಲ್ಲಿ ಯಾರು ನಿನ್ನ ಮಾತು ಕೇಳಿದರು ಅನ್ನಿಸಿತು? ಇಷ್ಟು ಕಲಿಸುವ ಪಾಠ ಬೇರೆ ಇಲ್ಲ. ಬೇಕಾದರೆ ಇದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮತ್ತೆ ನೋಡಿ. ನಿಜವಾದ ಮನೆಯವರದ್ದು ಮಾತ್ರ ಫೋನಿನಲ್ಲಿ ಎಂದೂ ಬೇಡ. ವಿದ್ಯಾರ್ಥಿಗಳನ್ನು ನಿಜವಾದ ಸೆಷನ್‌ಗೆ ಕೂರಿಸಬೇಕಾದರೆ ಮನೆಯ ಪ್ರತಿಯೊಬ್ಬರ ಒಪ್ಪಿಗೆ ಬೇಕು, ಒಬ್ಬರು ಬೇಡ ಅಂದರೂ ಬೇಡವೇ.

ಕೇಸ್ ಹೇಳುವಾಗ ಹೆಸರು ಬದಲಿಸಿದರೆ ಸಾಲದು. ನಮ್ಮ ಊರುಗಳಲ್ಲಿ ಎಲ್ಲರಿಗೂ ಎಲ್ಲರೂ ಬೀಗರು. ಓಣಿ, ಅಂಗಡಿ, ಮಕ್ಕಳ ಲೆಕ್ಕ ಹೇಳಿದರೆ ಸಾಕು, ಹಿಂದಿನ ಬೆಂಚಿನಲ್ಲಿ ಕೂತವರಿಗೆ ಯಾರ ಮನೆ ಅಂತ ಗೊತ್ತಾಗಿಬಿಡುತ್ತದೆ. ಊರು, ಉದ್ಯೋಗ, ವಯಸ್ಸು ಎಲ್ಲ ಬದಲಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ರೋಗಿಯ ಹಕ್ಕು. ನೋಟ್ಸ್ ಬೀಗ ಹಾಕಿದ ಕಪಾಟಿನಲ್ಲಿರಲಿ, ಸ್ಟಾಫ್ ರೂಮಿನ ಮೇಜಿನ ಮೇಲಲ್ಲ.

ಟೆಸ್ಟುಗಳನ್ನು ಕಲಿಸುವಾಗ ಐಕ್ಯೂ ಅಳೆಯೋ ಬಿನೆ-ಕಾಮತ್ ಟೆಸ್ಟನ್ನು ಬರೀ ಅಂಕ ಹಾಕೋ ಪಟ್ಟಿಯಾಗಿ ಕಲಿಸಬೇಡಿ. ಅದನ್ನು ವಿ.ವಿ. ಕಾಮತ್ ಅವರು ಕನ್ನಡ, ಮರಾಠಿ ಮಾತಾಡೋ ಮಕ್ಕಳಿಗಾಗಿಯೇ ಹೊಂದಿಸಿದ್ದು. ನಮ್ಮ ಮೂರು ಜಿಲ್ಲೆಯಲ್ಲಿ ಉರ್ದು, ತೆಲುಗು, ಲಂಬಾಣಿ ಮಾತಾಡೋ ಮನೆಗಳೂ ಇವೆ. ತಾಂಡಾದ ಮಗುವಿಗೆ ಕನ್ನಡದಲ್ಲಿ ಪ್ರಶ್ನೆ ಕೇಳಿ ಕಡಿಮೆ ಅಂಕ ಕೊಡೋದು ಅನ್ಯಾಯ. ಭಾಷೆ ಬಲ್ಲ ಸಹಪಾಠಿಯ ನೆರವು ಹೇಗೆ ಪಡೆಯಬೇಕು, ಅದನ್ನು ರಿಪೋರ್ಟಿನಲ್ಲಿ ಹೇಗೆ ಬರೆಯಬೇಕು ಅನ್ನೋದನ್ನೂ ಕಲಿಸಿ.

ಪಾಠ ಕೇಳುತ್ತಾ ಕೆಲವು ವಿದ್ಯಾರ್ಥಿಗಳಿಗೆ ತಮ್ಮ ಮನೆಯೇ ನೆನಪಾಗುತ್ತದೆ, ಕ್ಲಾಸ್ ಮುಗಿದ ಮೇಲೆ ಬಂದು ಅಳುತ್ತಾರೆ. ಕೇಳಿಸಿಕೊಳ್ಳಿ. ಆದರೆ ಅವರಿಗೆ ನೀವೇ ಥೆರಪಿ ಕೊಡಬೇಡಿ, ಅವರ ಅಂಕ ನಿಮ್ಮ ಕೈಯಲ್ಲಿದೆ. ಬೇರೆಯವರ ಹತ್ತಿರ ಕಳಿಸಿ.

ವಾರ ಹೇಗೆ ಹೊಂದಿಸೋದು

ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ತಾಸು ಪಾಠ ಅಂತ ಯುಜಿಸಿ ನಿಯಮ. ಉಳಿದ ಸಮಯದಲ್ಲಿ ಒಂದು ಮಧ್ಯಾಹ್ನವನ್ನು ಕುಟುಂಬಗಳಿಗೆ ಅಂತ ಗಟ್ಟಿಯಾಗಿ ಕಟ್ಟಿಡಿ, ವಿಭಾಗದಲ್ಲೇ ಉಚಿತ ಕ್ಲಿನಿಕ್ ತೆರೆಯೋಕೆ ಕೇಳಿ. ಹೊರಗೆ ಪ್ರ್ಯಾಕ್ಟೀಸ್ ಮಾಡಬೇಕಾದರೆ ಸಂಸ್ಥೆಯ ಅನುಮತಿಯನ್ನು ಬರಹದಲ್ಲಿ ಪಡೆಯಿರಿ, ಬಾಯಿ ಮಾತಿನ ಒಪ್ಪಿಗೆ ಸಾಲದು. ಸೂಪರ್‌ವಿಷನ್ ಬಿಡಬೇಡಿ. ಇಲ್ಲಿ ಸೀನಿಯರ್ ಸಿಗದಿದ್ದರೆ ನೀವು ತರಬೇತಿ ಪಡೆದ ಕಡೆಯವರ ಜೊತೆ ತಿಂಗಳಿಗೊಮ್ಮೆ ವಿಡಿಯೋ ಕಾಲ್‌ನಲ್ಲಿ ಕೇಸ್ ಮಾತಾಡಿ. ಆರ್‌ಸಿಐ ರಿಜಿಸ್ಟ್ರೇಷನ್ ನವೀಕರಿಸಲು ಸಿಆರ್‌ಇ (ಕೆಲಸದಲ್ಲಿದ್ದೂ ಕಲಿಕೆ ಮುಂದುವರಿಸುವ) ಕಾರ್ಯಕ್ರಮಗಳ ಅಂಕ ಬೇಕು, ವರ್ಷವರ್ಷವೂ ಸ್ವಲ್ಪ ಸ್ವಲ್ಪ ಸೇರಿಸಿಕೊಳ್ಳುತ್ತಾ ಹೋಗಿ.

ಕುಟುಂಬಗಳಿಗೆ ತಾರೀಖು ಕೊಡುವಾಗ ಪುಸ್ತಕದಲ್ಲಿರುವ ವಾರಕ್ಕೊಮ್ಮೆ ಅನ್ನೋ ಲೆಕ್ಕ ಹಿಡಿಯಬೇಡಿ. ಸುರಪುರದಿಂದಲೋ ಬಸವಕಲ್ಯಾಣದಿಂದಲೋ ಐದು ಜನ ಬಂದು ಹೋಗೋದು ಅಂದರೆ ಐದು ಜನರ ಕೂಲಿ, ಬಸ್ ಚಾರ್ಜು, ಊಟ. ಮೂರು ವಾರಕ್ಕೊಮ್ಮೆ ಕರೆದು ಒಂದೂವರೆ ತಾಸು ಕೂರೋದು ನಮ್ಮ ಕಡೆ ನಡೆಯುತ್ತದೆ, ನಡುವೆ ಒಂದು ಫೋನ್. ಅವತ್ತೇ ಮನೋವೈದ್ಯರ ಓಪಿಡಿಯೂ ಇರುವಂತೆ ನೋಡಿಕೊಂಡರೆ ಎರಡು ಸಲ ಬರೋದು ತಪ್ಪುತ್ತದೆ. ಜೂನ್‌ನ ಬಿತ್ತನೆಯಲ್ಲಿ, ಡಿಸೆಂಬರ್ ಜನವರಿಯ ತೊಗರಿ ರಾಶಿಯಲ್ಲಿ ಯಾರೂ ಬರೋಕೆ ಆಗೋದಿಲ್ಲ. ಆಗ ಬರಲಿಲ್ಲ ಅಂತ ಫೈಲ್ ಮುಚ್ಚಬೇಡಿ. ರಾಶಿ ಮುಗಿದ ಮೇಲಿನ ತಾರೀಖನ್ನು ಮೊದಲೇ ಬರೆದು ಕೊಟ್ಟು, ಅಲ್ಲಿಯವರೆಗಿನ ಮಾತ್ರೆ ತಗೊಂಡಿದ್ದಾರಾ ಅಂತ ಒಮ್ಮೆ ಕೇಳಿ ಕಳಿಸಿ.